ಜಪಾನಿನ ಯೋಕಾಯ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಜನಪದ ಕಥೆಗಳನ್ನು ಕನ್ನಡದಲ್ಲಿ ಹೇಳಲು ಹೊರಟಾಗಲೆಲ್ಲ ನನಗೆ ತೊಡಕಾಗುವುದು ಒಂದು ಪದ. ‘ಯೋಕಾಯ್’ ಎಂಬುದನ್ನು ‘ದೆವ್ವ’ ಎಂದುಬಿಟ್ಟರೆ ಕೇಳುವವರಿಗೆ ಸುಲಭ, ಆದರೆ ಕಥೆಯ ಅರ್ಧ ಜೀವ ಅಲ್ಲಿಗೇ ಹೋಗುತ್ತದೆ. ದೊಡ್ಡವರೂ ಮಕ್ಕಳೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವು ಬಹಳ ದೂರ ಕರೆದುಕೊಂಡು ಹೋಗುತ್ತವೆ.

ಯೋಕಾಯ್ ಎಂದರೆ ದೆವ್ವವಲ್ಲದೆ ಇನ್ನೇನು?

ನಮ್ಮಲ್ಲಿ ದೆವ್ವವೆಂದರೆ ಬಹುಮಟ್ಟಿಗೆ ಸತ್ತವರ ಆತ್ಮ. ಯೋಕಾಯ್ ಹಾಗಲ್ಲ. ಈ ಪದವನ್ನು ಬರೆಯುವ ಎರಡು ಚಿತ್ರಾಕ್ಷರಗಳಲ್ಲಿ ಒಂದಕ್ಕೆ ಮೋಡಿ ಮಾಡುವಂಥದ್ದು, ಇನ್ನೊಂದಕ್ಕೆ ವಿಚಿತ್ರವಾದದ್ದು ಎಂಬ ಅರ್ಥವಿದೆ. ನದಿಯೊಳಗಿನ ಜೀವಿ, ವೇಷ ಬದಲಿಸುವ ನರಿ, ಮುದಿಯಾದ ಕೊಡೆ, ಬೆಟ್ಟದಲ್ಲಿ ಕೇಳಿಸುವ ನಗು ಎಲ್ಲವೂ ಯೋಕಾಯ್‌ಗಳೇ. ಕೆಲವಕ್ಕೆ ಮೈಯೇ ಇಲ್ಲ, ಬರೀ ಸದ್ದು.

ಉದಾಹರಣೆಗೆ ಅಝುಕಿ-ಅರಾಯ್. ರಾತ್ರಿ ಹೊಳೆಯ ದಂಡೆಯಲ್ಲಿ ಯಾರೋ ಕೆಂಪು ಕಾಳು ತೊಳೆಯುತ್ತಿರುವ ಸದ್ದು ಕೇಳಿಸುತ್ತದೆ, ಹೋಗಿ ನೋಡಿದರೆ ಯಾರೂ ಇರುವುದಿಲ್ಲ. ಕ್ಯೂಷೂ ದ್ವೀಪದ ಉತ್ತರ ಕರಾವಳಿಯಲ್ಲಿ ನುರಿಕಾಬೆ ಎಂಬುದಿದೆ. ಇರುಳಲ್ಲಿ ನಡೆದು ಹೋಗುವವನ ಮುಂದೆ ಕಾಣದ ಗೋಡೆಯೊಂದು ಅಡ್ಡ ನಿಲ್ಲುತ್ತದೆ. ಮೇಲೆ ಬಡಿದರೆ ಪ್ರಯೋಜನವಿಲ್ಲ, ಕೋಲಿನಿಂದ ಬುಡವನ್ನು ಸವರಿದರೆ ಮಾಯವಾಗುತ್ತದೆ. ನಾರಾ ಪ್ರದೇಶದ ಬೆತೊಬೆತೊ-ಸಾನ್ ನನಗೆ ಎಲ್ಲಕ್ಕಿಂತ ಇಷ್ಟ. ಕತ್ತಲ ದಾರಿಯಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಬೆನ್ನು ಹತ್ತಿದರೆ ಓಡಬೇಕಾಗಿಲ್ಲ, ಮಂತ್ರವೂ ಬೇಡ. ರಸ್ತೆಯ ಅಂಚಿಗೆ ಸರಿದು “ಬೆತೊಬೆತೊ-ಸಾನ್, ನೀವು ಮುಂದೆ ಹೋಗಿ” ಎಂದರೆ ಸಾಕು, ಸಪ್ಪಳ ದಾಟಿ ಹೋಗುತ್ತದೆ.

ಯೋಕಾಯ್ ಎಂಬುದರ ತಿರುಳು ನನಗೆ ಕಂಡದ್ದು ಇಲ್ಲಿಯೇ. ಒಂಟಿ ದಾರಿಯಲ್ಲಿ ಬೆನ್ನಿನಲ್ಲಿ ಏಳುವ ನಡುಕ ಎಲ್ಲರಿಗೂ ಗೊತ್ತು. ಅದಕ್ಕೊಂದು ಹೆಸರಿಟ್ಟು, ಹೆಸರಿಗೆ ‘ಸಾನ್’ ಎಂಬ ಗೌರವ ಸೇರಿಸಿ, ಅದರೊಡನೆ ನಡೆದುಕೊಳ್ಳುವ ರೀತಿಯನ್ನೂ ಗೊತ್ತುಮಾಡಿದರೆ ಆ ನಡುಕ ಪರಿಚಯದ್ದಾಗುತ್ತದೆ.

ಯೋಕಾಯ್, ಯೂರೇ, ಕಮಿ – ಇವುಗಳಲ್ಲಿ ವ್ಯತ್ಯಾಸವೇನು?

ಯೂರೇ ಎಂದರೆ ಸತ್ತ ಮನುಷ್ಯನ ಪ್ರೇತ. ನಮ್ಮ ‘ದೆವ್ವ’ ಎಂಬ ಪದ ಸರಿಯಾಗಿ ಒಪ್ಪುವುದು ಇದಕ್ಕೆ. ಕಮಿ ಎಂದರೆ ಜಪಾನಿನ ಪ್ರಾಚೀನ ಧರ್ಮವಾದ ಶಿಂಟೋ ಪಂಥದ ದೈವ.

ಜಪಾನಿನಲ್ಲಿ ಜಾನಪದ ಅಧ್ಯಯನಕ್ಕೆ ಅಡಿಗಲ್ಲು ಹಾಕಿದ ಯಾನಾಗಿತಾ ಕುನಿಯೊ ಒಂದು ಗೆರೆ ಎಳೆದರು. ಯೂರೇಗೆ ಒಬ್ಬ ವ್ಯಕ್ತಿಯ ಮೇಲೆ ಹಟವಿರುತ್ತದೆ, ಆತ ಎಲ್ಲಿಗೆ ಹೋದರೂ ಬೆನ್ನಟ್ಟುತ್ತದೆ, ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ ಬರುತ್ತದೆ. ಯೋಕಾಯ್‌ಗೆ ತನ್ನ ಜಾಗ ಮುಖ್ಯ. ಆ ಸೇತುವೆ, ಆ ಮಡು, ಆ ಕಣಿವೆಗೆ ಯಾರು ಬಂದರೂ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಮುಸ್ಸಂಜೆಯಲ್ಲಿ. ಜಪಾನಿ ಭಾಷೆಯಲ್ಲಿ ಮುಸ್ಸಂಜೆಗಿರುವ ‘ತಸೊಗಾರೆ’ ಎಂಬ ಪದದ ಮೂಲ ಅರ್ಥ “ಅವರು ಯಾರು?” ಎಂದು. ಎದುರು ಬರುವವರ ಮುಖ ಗುರುತು ಸಿಗದ ಹೊತ್ತು ಅದು. ಈ ಗೆರೆಯನ್ನು ಮೀರುವ ಕಥೆಗಳು ಬೇಕಾದಷ್ಟಿವೆ, ಆದರೂ ಮೊದಲ ಸಲ ಓದುವವರಿಗೆ ಇದು ಒಳ್ಳೆಯ ಕೈಗೋಲು.

ಕಮಿಗೂ ಯೋಕಾಯ್‌ಗೂ ಇರುವ ನಂಟನ್ನು ವಿದ್ವಾಂಸ ಕೊಮಾತ್ಸು ಕಝುಹಿಕೊ ಸರಳವಾಗಿ ತೋರಿಸಿದ್ದಾರೆ. ಅದೇ ಶಕ್ತಿಯನ್ನು ಜನ ಪೂಜಿಸಿದರೆ ಕಮಿ, ಪೂಜೆ ನಿಂತರೆ ಯೋಕಾಯ್. ತುಳುನಾಡಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೋಲ ಕೊಟ್ಟರೆ ಕಾಯುವ, ಮರೆತರೆ ಮುನಿಯುವ ಶಕ್ತಿಗಳನ್ನು ಅವರು ಮನೆಯಲ್ಲೇ ಬಲ್ಲರು.

ಅನ್ಯಾಯವಾಗಿ ಸತ್ತವರು ದೇವರಾಗುವುದು ಜಪಾನಿನಲ್ಲೂ ಉಂಟೇ?

ಉಂಟು. ಸುಗಾವಾರಾ ನೊ ಮಿಚಿಝಾನೆಯ ಕಥೆ ಇದಕ್ಕೆ ದೊಡ್ಡ ಸಾಕ್ಷಿ. ಆತ 845ರಲ್ಲಿ ಹುಟ್ಟಿದ ವಿದ್ವಾಂಸ, ಕವಿ, ಕ್ಯೋಟೋ ಅರಮನೆಯಲ್ಲಿ ಬಲಗೈ ಮಂತ್ರಿಯ ಹುದ್ದೆಯವರೆಗೆ ಏರಿದವನು. ಫುಜಿವಾರಾ ಮನೆತನದವರು ಚಾಡಿ ಹೇಳಿ 901ರಲ್ಲಿ ಅವನನ್ನು ದೂರದ ದಝಾಯ್‌ಫುವಿಗೆ ಅಟ್ಟಿಸಿದರು. 903ರಲ್ಲಿ ಆತ ಅಲ್ಲೇ ಕೊರಗಿ ಸತ್ತ.

ಆಮೇಲೆ ರಾಜಧಾನಿಯಲ್ಲಿ ಸಾವುಗಳ ಸಾಲು. ಚಾಡಿ ಹೇಳಿದ ಫುಜಿವಾರಾ ನೊ ತೊಕಿಹಿರಾ 909ರಲ್ಲಿ ಹೋದ, 923ರಲ್ಲಿ ಯುವರಾಜ ಹೋದ. 930ರಲ್ಲಿ ಅರಮನೆಯ ಸೇರ್ಯೋದೆನ್ ಎಂಬ ಕಟ್ಟಡಕ್ಕೇ ಸಿಡಿಲು ಬಡಿದು ಅಧಿಕಾರಿಗಳು ಸತ್ತರು, ಅದೇ ವರ್ಷ ಚಕ್ರವರ್ತಿಯೂ ತೀರಿಕೊಂಡ. ಮಿಚಿಝಾನೆಯ ಸಿಟ್ಟೇ ಸಿಡಿಲಾಗಿ ಬಂತೆಂದು ಊರೆಲ್ಲ ನಂಬಿತು. ಇಂಥ ಕ್ರುದ್ಧ ಆತ್ಮವನ್ನು ಗೊರ್ಯೋ ಎನ್ನುತ್ತಾರೆ. ಅದನ್ನು ತಣಿಸಲು 947ರಲ್ಲಿ ಕಿತಾನೋದಲ್ಲಿ ಗುಡಿ ಕಟ್ಟಿದರು.

ಸಿಡಿಲಿನ ದೈವವಾಗಿ ಗುಡಿ ಸೇರಿದ ಈ ಮನುಷ್ಯ ಇಂದು ವಿದ್ಯೆಯ ದೇವರು. ಪರೀಕ್ಷೆಯ ಕಾಲದಲ್ಲಿ ವಿದ್ಯಾರ್ಥಿಗಳು ಮರದ ಪುಟ್ಟ ಹಲಗೆಗಳ ಮೇಲೆ ಹರಕೆ ಬರೆದು ಅವನ ಗುಡಿಗಳಲ್ಲಿ ಕಟ್ಟುತ್ತಾರೆ. ಕೋಟಿ ಚೆನ್ನಯರ ಗರಡಿಯಲ್ಲಿ ಕೈಮುಗಿದು ಬೆಳೆದವರಿಗೆ ಈ ದಾರಿ ಅಪರಿಚಿತವಲ್ಲ. ಅನ್ಯಾಯಕ್ಕೆ ಸಿಕ್ಕು ಸತ್ತವರನ್ನು ಜನ ಸುಮ್ಮನೆ ಹೂಳಿ ಮರೆಯಲು ಒಪ್ಪುವುದಿಲ್ಲ.

ಕಪ್ಪ ಎಂದರೆ ಕಪ್ಪೆಯೇ?

ಹೆಸರಿನ ಹೋಲಿಕೆ ಆಕಸ್ಮಿಕ, ಆದರೆ ರೂಪದಲ್ಲಿ ಸ್ವಲ್ಪ ಕಪ್ಪೆಯೂ ಇದೆ. ನದಿ, ಕೆರೆ, ಮಡುಗಳಲ್ಲಿರುವ ಇದರ ಗಾತ್ರ ಹುಡುಗನಷ್ಟು. ಜಾರುವ ಚರ್ಮ, ಬೆನ್ನಿಗೆ ಆಮೆಯ ಚಿಪ್ಪು, ಕೊಕ್ಕಿನಂಥ ಬಾಯಿ, ಬೆರಳುಗಳ ನಡುವೆ ಪೊರೆ. ನಡುನೆತ್ತಿಯಲ್ಲಿ ತಟ್ಟೆಯಂಥ ಗುಳಿ, ಅದರಲ್ಲಿ ನೀರು. ಅದರ ಬಲವೆಲ್ಲ ಆ ನೀರಿನಲ್ಲಿದೆ. ಹಾಗಾಗಿ ಕಪ್ಪ ಎದುರಾದರೆ ಸೊಂಟ ಬಾಗಿಸಿ ನಮಸ್ಕರಿಸಬೇಕು. ಎಷ್ಟೇ ಕೇಡಿಯಾದರೂ ಅದು ಮರ್ಯಾದೆ ಬಿಡುವುದಿಲ್ಲ, ತಾನೂ ಬಾಗುತ್ತದೆ, ನೀರು ಚೆಲ್ಲಿಹೋಗುತ್ತದೆ.

ಕಪ್ಪಕ್ಕೆ ಸೌತೆಕಾಯಿ ಎಂದರೆ ಪ್ರಾಣ. ಸೌತೆಕಾಯಿ ಇಟ್ಟು ಸುತ್ತಿದ ಸೂಶಿಗೆ ‘ಕಪ್ಪ-ಮಾಕಿ’ ಎಂದೇ ಹೆಸರು. ಟೋಕಿಯೊದ ಕಪ್ಪಬಾಶಿ ಬೀದಿಯ ಬಳಿ ಇರುವ ಸೋಗೆನ್‌ಜಿ ದೇವಾಲಯದಲ್ಲಿ ಇಂದಿಗೂ ಭಕ್ತರು ಸೌತೆಕಾಯಿ ಅರ್ಪಿಸುತ್ತಾರೆ. ಕುಸ್ತಿಯೂ ಅದಕ್ಕೆ ಇಷ್ಟ, ದಾರಿಹೋಕರನ್ನು ಸುಮೋಗೆ ಕರೆಯುತ್ತದೆ. ಮೇಯಲು ಬಿಟ್ಟ ಕುದುರೆಯನ್ನು ನೀರಿಗೆಳೆಯಲು ಹೋಗಿ ಸಿಕ್ಕಿಬಿದ್ದು, ಕತ್ತರಿಸಿಹೋದ ತನ್ನ ಕೈಯನ್ನು ಮರಳಿ ಪಡೆಯಲು ಮೂಳೆ ಕೂಡಿಸುವ ಔಷಧದ ಗುಟ್ಟು ಹೇಳಿಕೊಟ್ಟಿತೆಂಬ ಕಥೆ ಜಪಾನಿನ ಊರೂರಲ್ಲಿದೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಕಪ್ಪ ಮುದ್ದಾದ ಗೊಂಬೆಯಾಗುತ್ತದೆ. ಅಂಗಡಿಗಳಲ್ಲಿ ಅದು ಗೊಂಬೆಯೇ. ಹಳೆಯ ಕಥೆಗಳ ಕಪ್ಪ ಮಾತ್ರ ಮಕ್ಕಳನ್ನು ಮುಳುಗಿಸಿ ಕೊಲ್ಲುತ್ತದೆ, ಅವರ ಗುದದ್ವಾರದಿಂದ ‘ಶಿರಿಕೊದಾಮಾ’ ಎಂಬ ಕಾಲ್ಪನಿಕ ಗುಂಡನ್ನು ಕಿತ್ತುಕೊಳ್ಳುತ್ತದೆ. ನೀರಿನಲ್ಲಿ ಸತ್ತವರ ಶರೀರದ ಆ ಭಾಗ ಸಡಿಲವಾಗಿರುವುದನ್ನು ಕಂಡ ಜನ ಕಟ್ಟಿಕೊಂಡ ವಿವರಣೆ ಅದು. ಆಳವಾದ ಕೆರೆಯ ಬಳಿ ಮಕ್ಕಳನ್ನು ಎಚ್ಚರಿಸುವ ಫಲಕಗಳಲ್ಲಿ ಇಂದಿಗೂ ಕಪ್ಪದ ಚಿತ್ರವಿರುತ್ತದೆ.

ಯಾನಾಗಿತಾ ಅವರು ಇವಾತೆ ಪ್ರಾಂತ್ಯದ ತೋನೋ ಎಂಬಲ್ಲಿನ ಕಥೆಗಳನ್ನು ಅಲ್ಲಿಯವರೇ ಆದ ಸಸಾಕಿ ಕಿಝೆನ್ ಬಾಯಿಂದ ಕೇಳಿ 1910ರಲ್ಲಿ ‘ತೋನೋ ಮೊನೊಗತಾರಿ’ ಎಂದು ಪ್ರಕಟಿಸಿದರು. ಒಟ್ಟು 119 ತುಣುಕುಗಳು. ಕಪ್ಪಕ್ಕೆ ಹುಟ್ಟಿದ್ದೆಂದು ಹೇಳಿ ಶಿಶುವನ್ನು ಕೊಂದು ಹೂತ ಪ್ರಸಂಗ ಅವುಗಳಲ್ಲಿ ಬರುತ್ತದೆ. ಚಳಿಯೂ ಬರಗಾಲವೂ ಕಾಡಿದ ಸೀಮೆ ಅದು. ಸಾಕಲಾಗದ, ಅಥವಾ ಅಂಗ ಊನವಾಗಿ ಹುಟ್ಟಿದ ಕೂಸಿನ ಸಾವಿಗೆ ಕಪ್ಪದ ಹೆಸರು ಹೊದಿಸಿರಬಹುದೆಂದು ಓದುವವರಿದ್ದಾರೆ, ನಾನೂ ಹಾಗೆಯೇ ಓದುತ್ತೇನೆ. ಎರಡೇ ಪುಟದ ಆ ಕಥೆಯನ್ನು ಮಕ್ಕಳ ಮುಂದೆ ಹೇಳಲು ನನಗೆ ಈವರೆಗೆ ಬಾಯಿ ಬಂದಿಲ್ಲ.

ತೆಂಗು ಯಾರು? ಗರುಡನಿಗೂ ಅವನಿಗೂ ಸಂಬಂಧವಿದೆಯೇ?

ನಮ್ಮ ತೆಂಗಿನ ಮರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಇದನ್ನು ಬರೆಯುವ ಅಕ್ಷರಗಳ ಅರ್ಥ ‘ಆಕಾಶದ ನಾಯಿ’, ಹೆಸರು ಬಂದದ್ದು ಚೀನಾದಿಂದ. ‘ನಿಹೋನ್ ಶೋಕಿ’ ಎಂಬ ಹಳೆಯ ಇತಿಹಾಸದ ಪ್ರಕಾರ 637ರಲ್ಲಿ ದೊಡ್ಡ ನಕ್ಷತ್ರವೊಂದು ಗುಡುಗಿನ ಸದ್ದು ಮಾಡುತ್ತ ಪೂರ್ವದಿಂದ ಪಶ್ಚಿಮಕ್ಕೆ ಹಾಯಿತು, ಅದು ಉಲ್ಕೆಯಲ್ಲ ತೆಂಗು ಎಂದು ಒಬ್ಬ ಬೌದ್ಧ ಸನ್ಯಾಸಿ ಹೇಳಿದ.

ಮುಂದೆ ತೆಂಗು ಬೆಟ್ಟಗಳ ಒಡೆಯನಾದ. ಒಂದು ಬಗೆಗೆ ಹಕ್ಕಿಯ ಕೊಕ್ಕು, ರೆಕ್ಕೆ. ಇನ್ನೊಂದಕ್ಕೆ ಕೆಂಪು ಮುಖ, ಬಹು ಉದ್ದನೆಯ ಮೂಗು. ಕೊಕ್ಕಿನ ತೆಂಗುವಿನ ರೂಪದಲ್ಲಿ ಬೌದ್ಧ ಧರ್ಮದೊಡನೆ ಜಪಾನಿಗೆ ಹೋದ ನಮ್ಮ ಗರುಡನ ನೆರಳಿದೆ ಎಂದು ಹಲವರು ಕಾಣುತ್ತಾರೆ. ಅಲ್ಲಿ ಗರುಡನ ಹೆಸರು ‘ಕರುರ’. ಗರ್ವದಿಂದ ದಾರಿ ತಪ್ಪಿದ ಸನ್ಯಾಸಿಗಳು ಸತ್ತು ತೆಂಗುಗಳಾಗುತ್ತಾರೆಂಬ ನಂಬಿಕೆಯಿತ್ತು. ಜಂಬ ಬಂದವನನ್ನು ಈಗಲೂ ‘ತೆಂಗು ಆದ’ ಎನ್ನುತ್ತಾರೆ.

ಕ್ಯೋಟೋದ ಉತ್ತರಕ್ಕಿರುವ ಕುರಾಮಾ ಬೆಟ್ಟದಲ್ಲಿ ಸೋಜೋಬೋ ಎಂಬ ತೆಂಗು ಬಾಲಕ ಉಶಿವಾಕಾಮಾರುವಿಗೆ ಕತ್ತಿವರಸೆ ಕಲಿಸಿದನಂತೆ. ಆ ಹುಡುಗನೇ ಮುಂದೆ ದಂಡನಾಯಕ ಮಿನಾಮೊತೊ ನೊ ಯೋಶಿತ್ಸುನೆ. ಮಕ್ಕಳು ಏಕಾಏಕಿ ಕಾಣೆಯಾದರೆ ತೆಂಗು ಹೊತ್ತೊಯ್ದನೆಂದು ಊರವರು ಜಾಗಟೆ ಬಡಿಯುತ್ತ, ತಮಟೆ ಹೊಡೆಯುತ್ತ ಹುಡುಕಲು ಹೊರಡುತ್ತಿದ್ದರು. 1820ರ ಸುಮಾರಿಗೆ ಎದೋ ನಗರದಲ್ಲಿ (ಇಂದಿನ ಟೋಕಿಯೊ) ತೊರಾಕಿಚಿ ಎಂಬ ಹುಡುಗ, ತಾನು ಬೆಟ್ಟದಲ್ಲಿ ತೆಂಗುವಿನ ಬಳಿ ಕಲಿತು ಬಂದೆನೆಂದ. ಪ್ರಸಿದ್ಧ ಪಂಡಿತ ಹಿರಾತಾ ಅತ್ಸುತಾನೆ ಅವನನ್ನು ಮನೆಯಲ್ಲಿಟ್ಟುಕೊಂಡು ಪ್ರಶ್ನೆ ಕೇಳಿ ಕೇಳಿ ಪುಸ್ತಕವನ್ನೇ ಬರೆದರು.

ನರಿಯ ಕಥೆಗಳಲ್ಲಿ ಭಾರತ ಬರುತ್ತದಂತೆ, ನಿಜವೇ?

ನಿಜ. ಜಪಾನಿನಲ್ಲಿ ನರಿಗೆ ಕಿತ್ಸುನೆ ಎಂದು ಹೆಸರು. ಅದು ಭತ್ತದ ಬೆಳೆಯನ್ನು ಕಾಯುವ ಇನಾರಿ ದೈವದ ದೂತ. ಕ್ಯೋಟೋದ ಫುಶಿಮಿ ಇನಾರಿ ಗುಡಿಯ ಸಾವಿರಾರು ಕೆಂಪು ಕಮಾನುಗಳ ನಡುವೆ ಕುಳಿತಿರುವುದು ಇವೇ ಕಲ್ಲಿನ ನರಿಗಳು. ವಯಸ್ಸಾದಷ್ಟೂ ಬಾಲಗಳು ಹೆಚ್ಚುತ್ತವೆ, ಒಂಬತ್ತು ಬಾಲದ ನರಿ ಎಲ್ಲಕ್ಕಿಂತ ಬಲಿಷ್ಠ.

ಅಂಥದೊಂದು ನರಿ ತಮಾಮೊ-ನೊ-ಮಾಎ ಎಂಬ ಸುಂದರಿಯಾಗಿ ತೋಬಾ ಚಕ್ರವರ್ತಿಯ ಅಂತಃಪುರ ಸೇರಿತು. ಚಕ್ರವರ್ತಿ ಕಾರಣ ತಿಳಿಯದ ಕಾಯಿಲೆಯಿಂದ ಸೊರಗಿದ, ಜ್ಯೋತಿಷಿ ಗುಟ್ಟು ಬಯಲು ಮಾಡಿದ. ಈ ನರಿಯ ಹಿಂದಿನ ಚರಿತ್ರೆಯನ್ನು ಹೇಳುವಾಗ ಕಥೆಗಾರರು ಚೀನಾಕ್ಕೂ ‘ತೆಂಜಿಕು’ವಿಗೂ, ಎಂದರೆ ಭಾರತಕ್ಕೂ ಹೋಗುತ್ತಾರೆ. ಅಲ್ಲಿ ಅದು ಕಾಯೋ ಎಂಬ ರಾಣಿಯಾಗಿ ಹಂಝೊಕು ಎಂಬ ರಾಜಕುಮಾರನನ್ನು ಕ್ರೌರ್ಯಕ್ಕೆ ಇಳಿಸಿತಂತೆ. ಹಂಝೊಕು ಎಂಬ ಹೆಸರಿನ ಅರ್ಥ ‘ಮಚ್ಚೆಯ ಪಾದದವನು’. ಮಹಾಭಾರತ ಓದಿದವರು ಆಗಲೇ ಗುರುತಿಸಿರುತ್ತಾರೆ: ಇವನು ನಮ್ಮ ಕಲ್ಮಾಷಪಾದ, ವಸಿಷ್ಠರ ಮಗ ಶಕ್ತಿಯ ಶಾಪದಿಂದ ರಾಕ್ಷಸನಾದ ರಾಜ. ಬೌದ್ಧ ಕಥೆಗಳ ಜೊತೆ ಅಷ್ಟು ದೂರ ಹೋಗಿ ನರಿಯ ಗಂಡನಾದ.

ನರಿಯನ್ನು ಕೊಂದ ಮೇಲೆ ಅದು ನಾಸು ಎಂಬಲ್ಲಿ ‘ಕೊಲ್ಲುವ ಕಲ್ಲು’ ಆಯಿತು, ಮುಟ್ಟಿದ ಜೀವಿಗಳೆಲ್ಲ ಸಾಯುತ್ತಿದ್ದವು. ಆ ಜಾಗ ನಿಜಕ್ಕೂ ಇದೆ. ನೆಲದಿಂದ ಜ್ವಾಲಾಮುಖಿಯ ವಿಷಾನಿಲ ಹೊಮ್ಮುವ ಕಣಿವೆ ಅದು. 1689ರಲ್ಲಿ ಅಲ್ಲಿಗೆ ಹೋದ ಕವಿ ಬಾಶೋ, ನೆಲದ ಮರಳೇ ಕಾಣದಷ್ಟು ದುಂಬಿ ಚಿಟ್ಟೆಗಳು ಸತ್ತು ಬಿದ್ದಿದ್ದವೆಂದು ಬರೆದಿದ್ದಾನೆ. 2022ರ ಮಾರ್ಚ್‌ನಲ್ಲಿ ಆ ಕಲ್ಲು ಎರಡು ಹೋಳಾದಾಗ ನರಿ ಹೊರಬಂತೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು.

ಎಲ್ಲ ನರಿಗಳೂ ಕೆಟ್ಟವಲ್ಲ. ಮನುಷ್ಯನ ಹೆಂಡತಿಯಾಗಿ ಮಗನನ್ನು ಹೆತ್ತ ಕುಝುನೊಹಾ, ಗುಟ್ಟು ರಟ್ಟಾದ ದಿನ ಕಾಗದದ ಬಾಗಿಲ ಮೇಲೆ ಪದ್ಯ ಬರೆದಿಟ್ಟು ಶಿನೊದಾ ಕಾಡಿಗೆ ಮರಳುತ್ತಾಳೆ. ನೆನಪಾದರೆ ಆ ಕಾಡಿಗೆ ಬಂದು ನೋಡು ಎಂಬುದು ಪದ್ಯದ ಸಾರ. ಆ ಮಗನೇ ಮುಂದೆ ಹೆಸರಾಂತ ಜ್ಯೋತಿಷಿ ಅಬೆ ನೊ ಸೇಮೇ ಆದನೆಂಬುದು ಐತಿಹ್ಯ.

ಬಿಸಿಲಿನ ನಡುವೆ ಮಳೆ ಬಂದರೆ ಜಪಾನಿನಲ್ಲಿ ‘ನರಿಯ ಮದುವೆ’ ಎನ್ನುತ್ತಾರೆ. ನಾವು ಕಾಗೆಗೂ ನರಿಗೂ ಮದುವೆ ಎನ್ನುತ್ತೇವೆ. ಮೊದಲ ಸಲ ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ತನೂಕಿಯೂ ನರಿಯೇ?

ಅಲ್ಲ. ನಾಯಿಯ ಕುಟುಂಬಕ್ಕೆ ಸೇರಿದ, ಕಣ್ಣಿನ ಸುತ್ತ ಕಪ್ಪು ಬಣ್ಣವಿರುವ ಬೇರೊಂದು ಕಾಡುಪ್ರಾಣಿ. ಇದೂ ವೇಷ ಬದಲಿಸುತ್ತದೆ. ನರಿ ಮರುಳು ಮಾಡಿದರೆ ತನೂಕಿ ಕೀಟಲೆ ಮಾಡುತ್ತದೆ, ಬೆಳದಿಂಗಳಲ್ಲಿ ತನ್ನ ಹೊಟ್ಟೆಯನ್ನೇ ಡೋಲಿನಂತೆ ಬಾರಿಸುತ್ತದೆ. ಹೋಟೆಲುಗಳ ಬಾಗಿಲಲ್ಲಿ ಹುಲ್ಲಿನ ಟೋಪಿ ತೊಟ್ಟು ನಿಂತಿರುವ ಶಿಗರಾಕಿಯ ಮಣ್ಣಿನ ಗೊಂಬೆಗಳು ಇದರವೇ.

ಓನಿ ಎಂದರೆ ರಾಕ್ಷಸನೇ?

ಹತ್ತಿರದ ನೆಂಟ. ರಾಕ್ಷಸ, ಯಕ್ಷ ಎಂಬ ನಮ್ಮ ಪದಗಳೇ ಬೌದ್ಧ ಗ್ರಂಥಗಳ ಮೂಲಕ ‘ರಸೆತ್ಸು’, ‘ಯಾಶಾ’ ಎಂದಾಗಿ ಜಪಾನಿಗೆ ಹೋಗಿವೆ. ಯಮ ‘ಎಮ್ಮ’ ಆಗಿದ್ದಾನೆ, ಅವನ ನರಕದಲ್ಲಿ ಪಾಪಿಗಳನ್ನು ಹಿಂಸಿಸುವವರು ಓನಿಗಳು. ಕೆಂಪು ಅಥವಾ ನೀಲಿ ಮೈ, ತಲೆಯಲ್ಲಿ ಕೊಂಬು, ಸೊಂಟಕ್ಕೆ ಹುಲಿಚರ್ಮ, ಕೈಯಲ್ಲಿ ಮುಳ್ಳಿನ ಕಬ್ಬಿಣದ ಗದೆ.

ಕೊಂಬು ಮತ್ತು ಹುಲಿಚರ್ಮಕ್ಕೆ ಒಂದು ಸೊಗಸಾದ ಕಾರಣ ಹೇಳುತ್ತಾರೆ. ಕೇಡು ಒಳಬರುವ ದಿಕ್ಕು ಈಶಾನ್ಯ, ಅದರ ಹೆಸರು ‘ಕಿಮೋನ್’, ಓನಿಗಳ ಬಾಗಿಲು. ದಿಕ್ಕುಗಳನ್ನು ಹನ್ನೆರಡು ಪ್ರಾಣಿಗಳ ಹೆಸರಿನಿಂದ ಗುರುತಿಸುವ ಹಳೆಯ ದಿಕ್ಸೂಚಿಯಲ್ಲಿ ಆ ದಿಕ್ಕು ಎತ್ತು ಮತ್ತು ಹುಲಿಯ ನಡುವೆ ಬೀಳುತ್ತದೆ. ಎತ್ತಿನಿಂದ ಕೊಂಬು, ಹುಲಿಯಿಂದ ಚರ್ಮ. ಕ್ಯೋಟೋದ ಈಶಾನ್ಯಕ್ಕಿರುವ ಹಿಯೇ ಬೆಟ್ಟದ ಮೇಲಿನ ಎನ್‌ರ್ಯಾಕು-ಜಿ ಮಠವನ್ನು ರಾಜಧಾನಿಯ ಕಾವಲೆಂದು ಭಾವಿಸುತ್ತಿದ್ದರು. ದೇವಮೂಲೆ ಎಂದು ಈಶಾನ್ಯದಲ್ಲಿ ಪೂಜಾಕೋಣೆ ಕಟ್ಟಿಸುವ ನಮಗೆ ಇದು ಅಚ್ಚರಿಯೆನಿಸುತ್ತದೆ.

ಫೆಬ್ರುವರಿ ಮೂರರ ಸುಮಾರಿಗೆ ಬರುವ ಸೆತ್ಸುಬುನ್ ದಿನ ಮನೆಮನೆಯಲ್ಲಿ ಹುರಿದ ಸೋಯಾ ಕಾಳು ಎರಚುತ್ತ “ಓನಿ ಹೊರಗೆ, ಭಾಗ್ಯ ಒಳಗೆ” ಎಂದು ಕೂಗುತ್ತಾರೆ. ಅಪ್ಪ ಓನಿಯ ಮುಖವಾಡ ಹಾಕಿಕೊಂಡು ಮಕ್ಕಳಿಂದ ಕಾಳಿನ ಏಟು ತಿನ್ನುವುದು ರೂಢಿ. ಆಮೇಲೆ ತಮ್ಮ ವಯಸ್ಸಿನಷ್ಟು ಕಾಳು ತಿನ್ನಬೇಕು.

ಅಂದ ಹಾಗೆ ಮೊಬೈಲಿನ ಇಮೋಜಿಗಳಲ್ಲಿ ಎರಡು ಕೆಂಪು ಮುಖಗಳಿವೆ. ಕೊಂಬಿರುವುದು ಓನಿ, ಉದ್ದ ಮೂಗಿನದು ತೆಂಗು.

ಜಪಾನಿನ ಪ್ರೇತಕ್ಕೆ ಕಾಲಿಲ್ಲವೇಕೆ?

ನಮ್ಮ ದೆವ್ವಕ್ಕೆ ಪಾದ ಹಿಂದುಮುಂದು. ಅವರ ಯೂರೇಗೆ ಪಾದವೇ ಇಲ್ಲ. ಬಿಳಿ ಬಟ್ಟೆ, ಹಣೆಗೆ ತ್ರಿಕೋನದ ಬಿಳಿ ತುಂಡು, ಬಿಚ್ಚಿದ ಕೂದಲು, ಜೋತುಬಿದ್ದ ಕೈಗಳು, ಸೊಂಟದ ಕೆಳಗೆ ಮಂಜಿನಂತೆ ಕರಗಿದ ಮೈ. ಬಟ್ಟೆಯೂ ಕಟ್ಟುಪಟ್ಟಿಯೂ ಹೆಣಕ್ಕೆ ತೊಡಿಸುವಂಥವೇ. ಈ ರೂಪಕ್ಕೆ ಮೂಲಪುರುಷ ಚಿತ್ರಕಾರ ಮರುಯಾಮಾ ಓಕ್ಯೊ (1733–1795) ಎಂದು ವಾಡಿಕೆಯಲ್ಲಿ ಹೇಳುತ್ತಾರೆ. ಕಾಲಿಲ್ಲದ ಪ್ರೇತ ಅವನಿಗೂ ಹಿಂದಿನ ಪುಸ್ತಕಚಿತ್ರಗಳಲ್ಲಿದೆ, ಆದರೆ ಅದನ್ನು ಎಲ್ಲರ ಮನಸ್ಸಿನಲ್ಲಿ ನಿಲ್ಲಿಸಿದ್ದು ಅವನ ಕುಂಚ.

ಪ್ರೇತಗಳಲ್ಲಿ ಓಇವಾ ಎಂಬವಳ ಹೆಸರು ಎಲ್ಲರಿಗೂ ಗೊತ್ತು. ನಾಲ್ಕನೇ ತ್ಸುರುಯಾ ನಾನ್‌ಬೊಕು ಕಬುಕಿ ಎಂಬ ಸಾಂಪ್ರದಾಯಿಕ ರಂಗಪ್ರಕಾರಕ್ಕೆ ಬರೆದ ನಾಟಕ ‘ಯೋತ್ಸುಯಾ ಕಾಯ್‌ದಾನ್’ 1825ರಲ್ಲಿ ರಂಗಕ್ಕೆ ಬಂತು. ವಿಷದಿಂದ ಮುಖ ವಿಕಾರವಾದ ಓಇವಾ ಕನ್ನಡಿಯ ಮುಂದೆ ಕುಳಿತು ತಲೆ ಬಾಚುತ್ತಾಳೆ, ಬಾಚಿದಂತೆಲ್ಲ ಕೂದಲು ರಕ್ತದೊಡನೆ ಕಿತ್ತು ಬರುತ್ತದೆ. ಇಂದಿಗೂ ಈ ನಾಟಕ ಆಡುವ ಮುನ್ನ ಕಲಾವಿದರು ಅವಳ ಗುಡಿಗೆ ಹೋಗಿ ಕೈಮುಗಿದು ಬರುತ್ತಾರೆ. ಗಂಡನ ಮನೆಯಲ್ಲಿ ನೊಂದು ಸತ್ತ ಹೆಣ್ಣುಗಳೇ ಈ ಕಥೆಗಳಲ್ಲಿ ಇಷ್ಟೊಂದು ಇರುವುದು ಸುಮ್ಮನೆ ಅಲ್ಲ. ಬದುಕಿದ್ದಾಗ ಬಾಯಿಲ್ಲದವಳಿಗೆ ಸತ್ತ ಮೇಲಷ್ಟೇ ಮಾತು ಸಿಗುತ್ತಿತ್ತು.

ಇಂಥ ಕಥೆಗಳಿಗೆ ಬೇಸಿಗೆಯೇ ಕಾಲ. ಭಯದಿಂದ ಮೈ ತಣ್ಣಗಾಗುತ್ತದೆ ಎಂಬುದು ಒಂದು ಕಾರಣವಾದರೆ, ಪಿತೃಗಳು ಮನೆಗೆ ಬರುವ ಓಬೋನ್ ಹಬ್ಬವೂ ಆಗಲೇ ಇರುವುದು ಇನ್ನೊಂದು. ಎದೋ ಕಾಲದಲ್ಲಿ (1603–1868) ಜನ ರಾತ್ರಿ ಒಟ್ಟುಗೂಡಿ ನೀಲಿ ಕಾಗದದ ದೀಪದಲ್ಲಿ ನೂರು ಬತ್ತಿ ಹಚ್ಚಿ, ಒಂದೊಂದು ಕಥೆ ಮುಗಿದಾಗ ಒಂದೊಂದನ್ನು ಆರಿಸುತ್ತಿದ್ದರು. ನೂರನೆಯದು ಆರಿದರೆ ಏನೋ ಬರುತ್ತದೆಂದು ತೊಂಬತ್ತೊಂಬತ್ತಕ್ಕೇ ನಿಲ್ಲಿಸಿ ಬೆಳಗಾಗುವವರೆಗೆ ಕಾಯುವವರೂ ಇದ್ದರು.

ಒಂದು ಕಣ್ಣಿನ, ಒಂಟಿ ಕಾಲಿನ ಕೊಡೆಯ ಚಿತ್ರ ನೋಡಿದ್ದೇನೆ. ಅದೇನು?

ಅದು ಕರಕಾಸಾ. ವಸ್ತುಗಳಿಗೆ ನೂರು ವರ್ಷ ತುಂಬಿದರೆ ಜೀವ ಬರುತ್ತದೆಂಬ ನಂಬಿಕೆಯಿಂದ ಹುಟ್ಟಿದ ‘ತ್ಸುಕುಮೊಗಾಮಿ’ಗಳ ಬಳಗಕ್ಕೆ ಅದನ್ನು ಸೇರಿಸುತ್ತಾರೆ. ಮುರೊಮಾಚಿ ಕಾಲದ (14–16ನೇ ಶತಮಾನ) ಒಂದು ಸುರುಳಿಚಿತ್ರದ ಕಥೆಯಲ್ಲಿ ವರ್ಷಾಂತ್ಯದ ಧೂಳು ಹೊಡೆಯುವಾಗ ಬೀದಿಗೆ ಬಿದ್ದ ಹಳೆಯ ಪಾತ್ರೆಪಗಡಿಗಳು ಸೇರಿ, “ಇಷ್ಟು ವರ್ಷ ದುಡಿದ ನಮಗೆ ಇದೇ ಗೌರವವೇ?” ಎಂದು ಮನುಷ್ಯರ ಮೇಲೆ ಹಗೆ ಸಾಧಿಸುತ್ತವೆ. ಕೊನೆಗೆ ಬೌದ್ಧ ದೀಕ್ಷೆ ಪಡೆದು ಮುಕ್ತಿ ಹೊಂದುತ್ತವೆ. ಮುರಿದ ಸೂಜಿಗಳನ್ನು ಮೆತ್ತನೆಯ ತೋಫುವಿನಲ್ಲಿ ಚುಚ್ಚಿ ವಿಶ್ರಾಂತಿ ಕೊಡುವ ‘ಹರಿ-ಕುಯೋ’ ಎಂಬ ಆಚರಣೆ ಇಂದಿಗೂ ಇದೆ. ಆಯುಧಪೂಜೆಯ ದಿನ ಕತ್ತರಿ, ಹೊಲಿಗೆ ಯಂತ್ರಕ್ಕೆ ಕುಂಕುಮ ಹಚ್ಚಿದ ಕೈಗಳಿಗೆ ಇದು ಅರ್ಥವಾಗುತ್ತದೆ.

ಒಟ್ಟು ಎಷ್ಟು ಯೋಕಾಯ್‌ಗಳಿವೆ? ಇವುಗಳನ್ನು ಪಟ್ಟಿ ಮಾಡಿದವರು ಯಾರು?

ಒಂದೇ ಕಪ್ಪಕ್ಕೆ ಊರಿಗೊಂದು ಹೆಸರಿರುವಾಗ ಲೆಕ್ಕ ನಿಲ್ಲುವುದಿಲ್ಲ. ಪಟ್ಟಿ ಮಾಡಿದವರ ಸಾಲು ಮಾತ್ರ ದೊಡ್ಡದು. ತೊರಿಯಾಮಾ ಸೆಕಿಯೆನ್ 1776ರಿಂದ ಸಚಿತ್ರ ಸಂಪುಟಗಳನ್ನು ತಂದ. ಸಸ್ಯಗಳ, ಪ್ರಾಣಿಗಳ ಕೋಶವಿದ್ದಂತೆ ಪುಟಕ್ಕೊಂದು ಯೋಕಾಯ್. ಇಂದು ನಾವು ನೋಡುವ ಬಹುಪಾಲು ರೂಪಗಳು ಅವನ ಕೈಯಲ್ಲಿ ಗಟ್ಟಿಯಾದವು, ಕೆಲವನ್ನು ಅವನೇ ಹುಟ್ಟಿಸಿದ.

ಗ್ರೀಸಿನಲ್ಲಿ ಹುಟ್ಟಿ ಜಪಾನಿನ ಪ್ರಜೆಯಾದ ಲಾಫ್ಕಾಡಿಯೊ ಹರ್ನ್ (ಕೊಇಝುಮಿ ಯಾಕುಮೊ) 1904ರಲ್ಲಿ ಪ್ರಕಟಿಸಿದ ‘ಕ್ವೈದಾನ್’ ಈ ಲೋಕವನ್ನು ಹೊರಗಿನವರಿಗೆ ತೆರೆಯಿತು. ಅವರಿಗೆ ಕಥೆ ಹೇಳಿದವರು ಹೆಂಡತಿ ಸೆತ್ಸು. ಆಕೆಗೆ ಸಲ್ಲಬೇಕಾದಷ್ಟು ಹೆಸರು ಸಲ್ಲಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧ ದಾರಿಯವರು ಇನೊಉಎ ಎನ್ರ್ಯೋ (1858–1919). ಮೂಢನಂಬಿಕೆ ಅಳಿಸಲೆಂದೇ ‘ಯೋಕಾಯ್-ಗಾಕು’, ಎಂದರೆ ಯೋಕಾಯ್ ಶಾಸ್ತ್ರವನ್ನು ಕಟ್ಟಿ, ಊರೂರು ತಿರುಗಿ ಒಂದೊಂದು ಘಟನೆಗೂ ವೈಜ್ಞಾನಿಕ ಕಾರಣ ಹುಡುಕಿದರು. ಅಳಿಸಲು ಹೊರಟವರೇ ದಾಖಲಿಸಿ ಉಳಿಸಿದರು.

ಕೊನೆಗೆ ಮಿಝುಕಿ ಶಿಗೆರು (1922–2015). ಬಾಲ್ಯದಲ್ಲಿ ಮುದುಕಿಯೊಬ್ಬಳಿಂದ ಯೋಕಾಯ್ ಕಥೆ ಕೇಳಿ ಬೆಳೆದು, ಎರಡನೆಯ ಮಹಾಯುದ್ಧದಲ್ಲಿ ನ್ಯೂ ಬ್ರಿಟನ್ ದ್ವೀಪದಲ್ಲಿ ಎಡಗೈ ಕಳೆದುಕೊಂಡು, ಉಳಿದ ಒಂದೇ ಕೈಯಲ್ಲಿ ಬದುಕಿಡೀ ಯೋಕಾಯ್‌ಗಳನ್ನು ಚಿತ್ರಿಸಿದರು. ಸೆಕಿಯೆನ್‌ನ ಪುಟಗಳು ಮಕ್ಕಳ ಚಿತ್ರಕಥೆಗಳಿಗೆ ಇಳಿದದ್ದು ಇವರಿಂದ.

ಹೊಸ ಯೋಕಾಯ್‌ಗಳು ಹುಟ್ಟುತ್ತಲೇ ಇವೆಯೇ?

ಹುಟ್ಟುತ್ತಿವೆ. 1979ರಲ್ಲಿ ‘ಕುಚಿಸಾಕೆ-ಒನ್ನಾ’, ಬಾಯಿ ಹರಿದ ಹೆಂಗಸು, ಜಪಾನಿನ ಶಾಲಾಮಕ್ಕಳನ್ನೆಲ್ಲ ನಡುಗಿಸಿದಳು. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದು “ನಾನು ಚೆಲುವೆಯೇ?” ಎಂದು ಕೇಳುತ್ತಾಳೆ. ಹೌದೆಂದರೆ ಮಾಸ್ಕ್ ತೆಗೆದು ಕಿವಿಯವರೆಗೆ ಸೀಳಿದ ಬಾಯಿ ತೋರಿಸುತ್ತಾಳೆ. “ಸುಮಾರಾಗಿದ್ದೀರಿ” ಎಂದರೆ ಗೊಂದಲಕ್ಕೆ ಬೀಳುತ್ತಾಳೆ, ಸಕ್ಕರೆ ಮಿಠಾಯಿ ಎಸೆದರೂ ತಪ್ಪಿಸಿಕೊಳ್ಳಬಹುದು. ಮಕ್ಕಳು ಗುಂಪುಗುಂಪಾಗಿ ಮನೆಗೆ ಹೋಗುತ್ತಿದ್ದರು. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರಿಗೆ ಆ ಭಯದ ರುಚಿ ಗೊತ್ತು. ಎರಡು ಕಡೆಯೂ ಪಾರಾಗುವ ಉಪಾಯ ಮಾತಿನ ಜಾಣತನವೇ.

ಹಳೆಯವು ಎದ್ದು ಬರುವುದೂ ಉಂಟು. 1846ರಲ್ಲಿ ಹಿಗೊ ಪ್ರಾಂತ್ಯದ ಕಡಲಿನಲ್ಲಿ ಉದ್ದ ಕೂದಲು, ಕೊಕ್ಕು, ಮೂರು ಕಾಲುಗಳ ಅಮಾಬಿಎ ಕಾಣಿಸಿಕೊಂಡು, ಆರು ವರ್ಷ ಒಳ್ಳೆಯ ಬೆಳೆ, ಜೊತೆಗೆ ರೋಗ ಬರುತ್ತದೆ, ನನ್ನ ಚಿತ್ರ ಬರೆದು ಜನರಿಗೆ ತೋರಿಸಿ ಎಂದಿತಂತೆ. ಅದನ್ನು ಅಚ್ಚು ಹಾಕಿದ ಒಂದು ಹಾಳೆ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಉಳಿದಿತ್ತು. 2020ರಲ್ಲಿ ಕೊರೊನಾ ಬಂದಾಗ ಲಕ್ಷಾಂತರ ಜನ ಅಮಾಬಿಎಯನ್ನು ಚಿತ್ರಿಸಿ ಹಂಚಿಕೊಂಡರು, ಆರೋಗ್ಯ ಸಚಿವಾಲಯದ ಪ್ರಕಟಣೆಯ ಮೇಲೂ ಅದು ಬಂತು. ಮನೆಯೊಳಗೆ ಒಂಟಿಯಾಗಿ ಕುಳಿತವರಿಗೆ ಕೈಗೊಂದು ಕೆಲಸ, ಇನ್ನೊಬ್ಬರಿಗೆ ಕಳಿಸಲು ಒಂದು ಚಿತ್ರ. ಅಷ್ಟೂ ಆಗ ದೊಡ್ಡ ಆಸರೆಯಾಗಿತ್ತು.

ಜಪಾನಿನವರು ಇವನ್ನು ಈಗಲೂ ನಂಬುತ್ತಾರೆಯೇ?

ಟೋಕಿಯೊದ ಓತೆಮಾಚಿಯಲ್ಲಿ ಗಗನಚುಂಬಿ ಕಚೇರಿಗಳ ನಡುವೆ ಒಂದು ಸಣ್ಣ ಸಮಾಧಿಯಿದೆ. ದಂಗೆಯೆದ್ದು 940ರಲ್ಲಿ ಹತನಾದ ತಾಯಿರಾ ನೊ ಮಸಾಕಾದೊನ ತಲೆ ಅಲ್ಲಿದೆ ಎಂಬುದು ನಂಬಿಕೆ. 1923ರ ಭೂಕಂಪದ ಬಳಿಕ ಅಲ್ಲಿ ಹಣಕಾಸು ಸಚಿವಾಲಯದ ತಾತ್ಕಾಲಿಕ ಕಟ್ಟಡ ಎದ್ದಿತು. ಸಚಿವರೂ ಕೆಲವು ಅಧಿಕಾರಿಗಳೂ ತೀರಿಕೊಂಡಾಗ ಕಟ್ಟಡ ತೆಗೆದು ಶಾಂತಿಪೂಜೆ ಮಾಡಿಸಿದರು. ಚಿನ್ನಕ್ಕಿಂತ ದುಬಾರಿಯಾದ ಆ ನೆಲ ಇಂದಿಗೂ ಖಾಲಿ, ದಿನವೂ ಹೂವು ಬೀಳುತ್ತದೆ. ನಂಬುತ್ತೀರಾ ಎಂದು ಕೇಳಿದರೆ ಹೆಚ್ಚಿನವರು ಇಲ್ಲವೆಂದೇ ಹೇಳಿಯಾರು.

ಮಕ್ಕಳಿಗೆ ಯಾವ ಕಥೆಯಿಂದ ಆರಂಭಿಸಬೇಕು?

ಝಶಿಕಿ-ವರಾಶಿಯಿಂದ. ಈಶಾನ್ಯ ಜಪಾನಿನ ಹಳೆಯ ಮನೆಗಳ ಒಳಕೋಣೆಯಲ್ಲಿ ವಾಸಿಸುವ ಮಗು ಅದು. ರ‍ಾತ್ರಿ ಕಾಗದ ಸರಸರ ಮಾಡುತ್ತದೆ, ಓಡಾಡುತ್ತದೆ. ಆಡುತ್ತಿರುವ ಮಕ್ಕಳನ್ನು ಎಣಿಸಿದರೆ ಒಂದು ಹೆಚ್ಚು, ಆದರೆ ಎಲ್ಲ ಮುಖಗಳೂ ಗುರುತಿನವೇ. ಅದು ಇರುವಷ್ಟು ಕಾಲ ಮನೆಗೆ ಸಿರಿ. ಅದು ಬಿಟ್ಟುಹೋದ ತೋನೋದ ಒಂದು ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ವಿಷದ ಅಣಬೆ ತಿಂದು ಒಂದೇ ದಿನ ಸತ್ತರು, ಉಳಿದದ್ದು ಏಳು ವರ್ಷದ ಹುಡುಗಿಯೊಬ್ಬಳೇ. ಈ ಕೊನೆಯ ಭಾಗವನ್ನು ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಹೇಳಿ.

ಜಪಾನಿಗೆ ಹೋಗುತ್ತಿದ್ದೇವೆ. ಇವನ್ನೆಲ್ಲ ಎಲ್ಲಿ ನೋಡಬಹುದು?

ತೊತ್ತೊರಿ ಪ್ರಾಂತ್ಯದ ಸಕಾಯ್‌ಮಿನಾತೊ ಮಿಝುಕಿ ಬೆಳೆದ ಊರು. ರೈಲು ನಿಲ್ದಾಣದಿಂದ ಸಾಗುವ ಅಲ್ಲಿನ ಬೀದಿಯ ಇಕ್ಕೆಲಗಳಲ್ಲಿ 177 ಕಂಚಿನ ಯೋಕಾಯ್‌ಗಳಿವೆ. ಹಿರೋಶಿಮಾ ಪ್ರಾಂತ್ಯದ ಮಿಯೋಶಿಯಲ್ಲಿ 2019ರಲ್ಲಿ ಯೋಕಾಯ್ ವಸ್ತುಸಂಗ್ರಹಾಲಯ ತೆರೆದಿದೆ. ಹಿಮೇಜಿ ಕೋಟೆಯೊಳಗೆ, ಸತ್ತ ಮೇಲೂ ಪ್ರೇತವಾಗಿ ತಟ್ಟೆ ಎಣಿಸುತ್ತಿದ್ದಳೆನ್ನುವ ಓಕಿಕು ಎಂಬ ಸೇವಕಿಯ ಬಾವಿಯಿದೆ.

ಒಂದೇ ಕಡೆ ಹೋಗಲು ಸಮಯವಿದ್ದರೆ ತೋನೋಗೆ ಹೋಗಿ. ಜೋಕೆನ್‌ಜಿ ದೇವಾಲಯದ ಹಿಂದೆ ಕಪ್ಪಬುಚಿ ಎಂಬ ಪುಟ್ಟ ಹಳ್ಳವಿದೆ, ಮರಗಳ ನೆರಳಿನಲ್ಲಿ ನೀರು ಸದ್ದಿಲ್ಲದೆ ಹರಿಯುತ್ತದೆ. ಗಾಳದ ಕೋಲಿಗೆ ಸೌತೆಕಾಯಿ ಕಟ್ಟಿ ಇಳಿಬಿಟ್ಟಿರುತ್ತಾರೆ. ಊರಿನ ಪ್ರವಾಸೋದ್ಯಮ ಸಂಘ ಕಪ್ಪ ಹಿಡಿಯಲು ಪರವಾನಗಿ ಚೀಟಿ ಕೊಡುತ್ತದೆ. ಅದರಲ್ಲಿ ನಿಯಮಗಳೂ ಇವೆ: ಗಾಯ ಮಾಡದೆ ಜೀವಂತ ಹಿಡಿಯಬೇಕು, ಲೋಹದ ಸಲಕರಣೆ ಬಳಸಬಾರದು, ತಾಜಾ ತರಕಾರಿಯನ್ನೇ ಕಟ್ಟಬೇಕು, ನೆತ್ತಿಯ ತಟ್ಟೆಯ ನೀರು ಚೆಲ್ಲದಂತೆ ನೋಡಿಕೊಳ್ಳಬೇಕು.